ಕ್ಷಮಾಮೂರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು

ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆಗೆ ಪ್ರಥಮ ಸ್ಥಾನ. ಭಾದ್ರಪದದ ಪರ್ವದಲ್ಲಿ ಪ್ರತಿವರ್ಷವೂ ಅದನ್ನು ಪೂಜಿಸುತ್ತೇವೆ. ಮರುದಿನ ಅಂಗಡಿಯ ಗಾದಿಯ ಮೇಲೆ ಕುಳಿತೊಡನೆ ಮರೆಯುತ್ತೇವೆ. ತಾಳ್ಮೆಯು ಮುನಿಗಳ ಗುಣ, ಸಂಸಾರಿಗಳಿಗೆ ಅಸಾಧ್ಯ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ನಮ್ಮ ಬೆಳಗಾವಿ ಸೀಮೆಯಲ್ಲಿಯೇ ಬೆಳೆದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರ ಜೀವನವನ್ನು ನೋಡಿದರೆ ಈ ಮಾತು ನಿಲ್ಲದು.

ಮಹಾರಾಜರು 1872ರಲ್ಲಿ ಯಳಗೂಡ ಗ್ರಾಮದಲ್ಲಿ ಜನಿಸಿದರು. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ದೂಧಗಂಗಾ ವೇದಗಂಗಾ ನದಿಗಳ ಸಂಗಮಕ್ಕೆ ಸಮೀಪದ ಭೋಜವೇ ಮನೆತನದ ಊರು. ಗೃಹಸ್ಥಾಶ್ರಮದಲ್ಲಿ ಅವರ ಹೆಸರು ಸಾತಗೌಡ. ಬಾಲ್ಯದಲ್ಲಿಯೇ ವಿವಾಹವಾಗಿ, ಆ ಬಾಲಿಕೆಯು ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಮರುವಿವಾಹಕ್ಕೆ ಅವರು ಒಪ್ಪಲಿಲ್ಲ. ಹದಿನೆಂಟರ ಸುಮಾರಿಗೆ ದೀಕ್ಷೆಯನ್ನು ಬಯಸಿದರು. ತಾವು ಬದುಕಿರುವ ತನಕ ಮನೆಯಲ್ಲಿಯೇ ಇರಬೇಕೆಂದು ತಂದೆ ಕೇಳಿಕೊಂಡರು. ಸಾತಗೌಡರು ಮುನಿಸಿಕೊಳ್ಳಲಿಲ್ಲ, ಮನೆ ಬಿಟ್ಟು ಓಡಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಾದರು.

ಆ ಕಾಲದಲ್ಲಿ ಅವರು ಹೊಲವನ್ನೂ ಅರಿವೆಯ ಅಂಗಡಿಯನ್ನೂ ನೋಡಿಕೊಂಡರು. ಹೊಲಕ್ಕಿಳಿದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಡುತ್ತಿದ್ದರಂತೆ. ತಮ್ಮ ಇಲ್ಲದಾಗ ಅಂಗಡಿಯಲ್ಲಿ ಕುಳಿತರೆ, ಬೇಕಾದ ಅರಿವೆಯನ್ನು ಗಿರಾಕಿಯೇ ಅಳೆದುಕೊಂಡು ಹಣವಿಟ್ಟು ಹೋಗಬಹುದಾಗಿತ್ತೆಂದು ಅವರ ಚರಿತ್ರೆ ಬರೆದವರು ಹೇಳಿದ್ದಾರೆ. ಚೌಕಾಶಿಯಿಲ್ಲ, ವಾದವಿಲ್ಲ, ಸಿಟ್ಟಿಲ್ಲ.

ತಂದೆತಾಯಿಗಳ ಅವಸಾನದ ನಂತರವೇ ಅವರು ಉತ್ತೂರಿನಲ್ಲಿ ಶ್ರೀ ದೇವೇಂದ್ರಕೀರ್ತಿ ಸ್ವಾಮಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯಾಯಿತು. 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ ದೊರೆಯಿತು. ಗೋಕಾಕದ ಹತ್ತಿರದ ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಮೈಮೇಲೆ ಹರಿದಾಡಿತು, ಅವರು ಕದಲಲಿಲ್ಲ. ಉತ್ತರ ಭಾರತದ ವಿಹಾರಕಾಲದಲ್ಲಿ ರಾಜಖೇಡಾದಲ್ಲಿ ಆಯುಧ ಹಿಡಿದ ಗುಂಪೊಂದು ಸಂಘದ ಮೇಲೆ ಏರಿಬಂದಿತು. ಪೊಲೀಸರು ಹಿಡಿದವರನ್ನು ಬಿಡುವ ತನಕ ತಾವು ಆಹಾರ ಸ್ವೀಕರಿಸುವುದಿಲ್ಲವೆಂದು ಮಹಾರಾಜರು ತಿಳಿಸಿ, ಅವರನ್ನು ಬಿಡಿಸಿದರು.

ಕಣ್ಣಿನ ದೃಷ್ಟಿ ಕುಂದಿ, ಜೀವದಯೆಯಿಂದ ನಡೆಯುವ ವ್ರತಕ್ಕೆ ಬಾಧೆಯಾಗಲು, ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದರು. 36 ದಿನಗಳ ತರುವಾಯ, 1955ರ ಸಪ್ಟೆಂಬರ 18ರಂದು ಸಮಾಧಿಸ್ಥರಾದರು.

ಸರ್ಪದೆದುರಿನ ಧೈರ್ಯವೂ ಶತ್ರುಗಳ ಮೇಲಿನ ಕ್ಷಮೆಯೂ ಪೀಂಛಿ ಕಮಂಡಲುಗಳೊಡನೆ ಒಮ್ಮೆಲೆ ಬಂದವಲ್ಲ. ಭೋಜದ ಹೊಲದಲ್ಲಿ, ಅಂಗಡಿಯಲ್ಲಿ, ತಂದೆಯ ಮಾತಿಗೆ ಕಟ್ಟುಬಿದ್ದ ಆ ದೀರ್ಘ ವರ್ಷಗಳಲ್ಲಿ ಸಿದ್ಧವಾದವು. ದೊಡವಾಡದ ನಮ್ಮಂಥ ವ್ಯಾಪಾರಸ್ಥರಿಗೆ ಇದರಲ್ಲಿ ದೊಡ್ಡ ಪಾಠವಿದೆ. ಇಪ್ಪತ್ತು ಥಾನು ಬಿಚ್ಚಿಸಿ ಏನನ್ನೂ ಕೊಳ್ಳದೆ ಹೋದ ಗಿರಾಕಿಯ ಮೇಲೆ, ಉದ್ರಿ ತೀರಿಸದ ರೈತನ ಮೇಲೆ ನಾನೂ ಧ್ವನಿಯೇರಿಸಿದವನೇ. ಮಳೆ ಕೈಕೊಟ್ಟ ವರ್ಷ ಆ ರೈತನ ಮನೆಯ ಸ್ಥಿತಿಯನ್ನು ತಿಳಿದ ಮೇಲೆ ನಾಚಿಕೊಂಡದ್ದೂ ಉಂಟು.

ಬಸದಿಯಲ್ಲಿ ಭಗವಂತರ ಬಿಂಬವನ್ನು ಪ್ರತಿಷ್ಠಾಪಿಸುವ ಈ ಶುಭ ಸಂದರ್ಭದಲ್ಲಿ, ದಿನಕ್ಕೊಂದು ಕಟುಮಾತನ್ನಾದರೂ ನುಂಗಿಕೊಳ್ಳುವ ನಿಯಮವನ್ನು ನಾವೆಲ್ಲರೂ ತೆಗೆದುಕೊಳ್ಳೋಣ. ಪೂಜ್ಯ ಮಹಾರಾಜರ ಚರಣಗಳಿಗೆ ತ್ರಿವಾರ ನಮೋಸ್ತು.