ಬೀಜವನ್ನು ಚಳಿಯಲ್ಲಿಟ್ಟರೆ ಗೋಧಿಯ ತಳಿಯೇ ಬದಲಾಗುತ್ತದೆಯೇ? ಹಸಿವಿನಿಂದ ಸತ್ತ ಬೀಜ ವಿಜ್ಞಾನಿಯ ಕಥೆ

ಬೀಜ ನೆನೆಸಿ ಫ್ರಿಜ್‌ನಲ್ಲಿಟ್ಟು ಬಿತ್ತಿದರೆ ಇಳುವರಿ ದುಪ್ಪಟ್ಟು, ಹಿಮದ ದೇಶದ ಗಟ್ಟಿ ತಳಿ ತಂದರೆ ಯಾವ ಹೊಲದಲ್ಲಾದರೂ ಬೆಳೆ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದರೆ ಏನು ಮಾಡುತ್ತೀರಿ? ಧಾರವಾಡದ ಹತ್ತಿರದ ಗರಗದಂಥ ಊರಿನಲ್ಲಿ ಹಿಂಗಾರಿಗೆ ಗೋಧಿ ಬಿತ್ತುವವರಿಗೆ ಇದು ತಮಾಷೆಯ ವಿಷಯವಲ್ಲ. ಒಂದು ಹಂಗಾಮು ಹೋದರೆ ಒಂದು ವರ್ಷ ಹೋದಂತೆ. ಇಂಥದ್ದೇ ಒಂದು ಸುಳ್ಳನ್ನು ಒಪ್ಪದ ವಿಜ್ಞಾನಿಯೊಬ್ಬರು ಜೈಲಿನಲ್ಲಿ ಹಸಿದು ಸತ್ತರು. ಅವರ ಹೆಸರು ನಿಕೊಲಾಯ್ ವಾವಿಲೋವ್.

ಮೊದಲು ಒಂದು ಗೊಂದಲ ಬಿಡಿಸೋಣ

ಗರಗದಲ್ಲಿ ಗೋಧಿ ಬೆಳೆಯುವುದು ಚಳಿಗಾಲದಲ್ಲಿ. ಆದರೂ ವಿಜ್ಞಾನದ ಲೆಕ್ಕದಲ್ಲಿ ಅದು ಚಳಿಗಾಲದ ಗೋಧಿಯಲ್ಲ, ವಸಂತದ ಗೋಧಿ. ರಷ್ಯಾ, ಉಕ್ರೇನ್‌ಗಳಂಥ ಕಡೆ ಚಳಿಗಾಲದ ಗೋಧಿಯನ್ನು ಹಿಮ ಬೀಳುವ ಮೊದಲೇ ಬಿತ್ತುತ್ತಾರೆ. ಸಸಿ ಹಿಮದ ಹೊದಿಕೆಯ ಕೆಳಗೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು ಬೇಸಿಗೆಯ ಹೊತ್ತಿಗೆ ತೆನೆ ಬಿಡುತ್ತದೆ. ಆ ಗಿಡಕ್ಕೆ ಹಲವು ವಾರ ಕೊರೆಯುವ ಚಳಿ ತಗಲಲೇಬೇಕು. ಇಲ್ಲದಿದ್ದರೆ ಹುಲ್ಲಿನಂತೆ ಎಲೆ ಬಿಡುತ್ತಲೇ ಇರುತ್ತದೆ, ಸಕಾಲಕ್ಕೆ ತೆನೆ ಬರುವುದಿಲ್ಲ. ಅಷ್ಟು ಚಳಿ ಧಾರವಾಡದಲ್ಲಿಲ್ಲ. ನಮ್ಮ ತಳಿಗಳಿಗೆ ಅದು ಬೇಕಾಗಿಯೂ ಇಲ್ಲ. ಈ ಗುಣ ಜೀನುಗಳಲ್ಲೇ ಇದೆ.

ಹೊಲದಿಂದ ಹೊಲಕ್ಕೆ ಅಲೆದ ಬದುಕು

ವಾವಿಲೋವ್ ಹುಟ್ಟಿದ್ದು 1887ರಲ್ಲಿ, ಮಾಸ್ಕೋದಲ್ಲಿ. ಬಡ ರೈತ ಕುಟುಂಬದಿಂದ ಬಂದು ವ್ಯಾಪಾರಿಯಾಗಿದ್ದ ತಂದೆಯ ಮಗ. ಕೃಷಿ ಓದಿ, ಇಂಗ್ಲೆಂಡಿನಲ್ಲಿ ವಿಲಿಯಂ ಬೇಟ್ಸನ್ ಬಳಿ ಆಗ ಹೊಸದಾಗಿದ್ದ ತಳಿವಿಜ್ಞಾನ ಕಲಿತರು. 1916ರಲ್ಲಿ ಇರಾನ್ ಮತ್ತು ಪಾಮಿರ್ ಪರ್ವತಗಳಿಗೆ ಹೋದರು. ಅಲ್ಲಿ ತಗ್ಗಿನ ಹೊಲಗಳ ಗೋಧಿಯ ನಡುವೆ ರೈ ಎಂಬ ಧಾನ್ಯ ಕಳೆಯಾಗಿ ಬೆಳೆದಿತ್ತು. ಬೆಟ್ಟ ಏರಿದಂತೆ ಚಳಿ ಹೆಚ್ಚಿ, ಗೋಧಿ ಸೋತು, ರೈ ಹೆಚ್ಚುತ್ತಾ ಹೋಯಿತು. ಇನ್ನೂ ಮೇಲೆ ರೈತರು ಆ ಕಳೆಯನ್ನೇ ಬೆಳೆಯಾಗಿ ಮಾಡಿಕೊಂಡಿದ್ದರು. ಚಳಿಗೆ ಯಾವುದು ತಾಳುತ್ತದೆ ಎಂಬುದನ್ನು ಹೊಲವೇ ಆರಿಸಿ ತೋರಿಸಿತ್ತು.

ಆಮೇಲೆ ಅವರು ನಿಂತದ್ದೇ ಇಲ್ಲ. 1924ರಲ್ಲಿ ಅಫ್ಘಾನಿಸ್ತಾನ, 1927ರಲ್ಲಿ ಇಥಿಯೋಪಿಯಾ, ಮುಂದೆ ಅಮೆರಿಕ ಖಂಡಗಳು. ಅವರೂ ಅವರ ಸಂಗಡಿಗರೂ ಲೆನಿನ್‌ಗ್ರಾಡಿನ ಸಂಸ್ಥೆಯಲ್ಲಿ ಸುಮಾರು ಎರಡೂವರೆ ಲಕ್ಷ ಬೀಜ ಮಾದರಿಗಳನ್ನು ಕೂಡಿಹಾಕಿದರು. ಕೂಡಿಟ್ಟು ಸುಮ್ಮನಾಗಲಿಲ್ಲ. ಅವೇ ತಳಿಗಳನ್ನು ಉತ್ತರದ ಹಿಮದಿಂದ ದಕ್ಷಿಣದ ಮರುಭೂಮಿಯವರೆಗೆ ನೂರಕ್ಕೂ ಹೆಚ್ಚು ಕಡೆ ಬಿತ್ತಿ ನೋಡಿದರು. ಒಂದು ಕಡೆ ಗೆದ್ದ ತಳಿ ಇನ್ನೊಂದು ಕಡೆ ಗೆಲ್ಲಲೇಬೇಕೆಂದಿಲ್ಲ ಎಂಬುದು ಅವರಿಗೆ ಬಿತ್ತಿ ಗೊತ್ತಾದ ಮಾತು.

ಅವಸರದ ಕಾಲ, ಸುಲಭದ ಉಪಾಯ

1920ರ ದಶಕದ ಕೊನೆಯಲ್ಲಿ ಉಕ್ರೇನ್‌ನಲ್ಲಿ ಎರಡು ಚಳಿಗಾಲ ಸತತವಾಗಿ ಲಕ್ಷಾಂತರ ಹೆಕ್ಟೇರ್ ಗೋಧಿಯನ್ನು ಕೊಂದವು. ಆಗ ಟ್ರೊಫಿಮ್ ಲೈಸೆಂಕೊ ಎಂಬ ಯುವ ಕೃಷಿತಜ್ಞ ಒಂದು ಉಪಾಯ ಹೇಳಿದ: ಚಳಿಗಾಲದ ಗೋಧಿಯ ಬೀಜ ನೆನೆಸಿ, ಚಳಿಯಲ್ಲಿಟ್ಟು, ವಸಂತದಲ್ಲಿ ಬಿತ್ತಿ. ಹೀಗೆ ಮಾಡಿದರೆ ಗಿಡ ಅದೇ ವರ್ಷ ತೆನೆ ಬಿಡುವುದು ನಿಜ. ಜರ್ಮನಿಯ ಗುಸ್ಟಾವ್ ಗಾಸ್ನರ್ ಚಳಿಯ ಈ ಪಾತ್ರವನ್ನು 1918ರಲ್ಲೇ ತೋರಿಸಿದ್ದರು. ವಾವಿಲೋವ್ ಕೂಡ ಮೊದಮೊದಲು ಲೈಸೆಂಕೊಗೆ ಪ್ರೋತ್ಸಾಹ ಕೊಟ್ಟರು.

ಸುಳ್ಳು ಶುರುವಾದದ್ದು ಮುಂದಿನ ಹೆಜ್ಜೆಯಲ್ಲಿ. ಇದರಿಂದ ಇಳುವರಿ ಎಲ್ಲೆಡೆ ಏರುತ್ತದೆ ಎಂದ. ಬೀಜಕ್ಕೆ ಕಲಿಸಿದ ಗುಣ ಅದರ ಮುಂದಿನ ಪೀಳಿಗೆಗೂ ಹೋಗುತ್ತದೆ, ಚಳಿಗಾಲದ ಗೋಧಿಯನ್ನೇ ವಸಂತದ ಗೋಧಿಯಾಗಿ ಬದಲಿಸಬಹುದು ಎಂದೂ ಹೇಳಿದ. ಪುರಾವೆಯಾಗಿ ತೋರಿಸಿದ್ದು ಸಾಮೂಹಿಕ ಹೊಲಗಳಿಂದ ತುಂಬಿಸಿ ತರಿಸಿದ ಪ್ರಶ್ನಾವಳಿಗಳನ್ನು. ಪಕ್ಕದಲ್ಲೇ ಉಪಚಾರವಿಲ್ಲದ ಬೀಜ ಬಿತ್ತಿ ಹೋಲಿಸಿದ ಸರಿಯಾದ ಪ್ರಯೋಗ ಇರಲಿಲ್ಲ. ಆದರೂ ಪತ್ರಿಕೆಗಳು ಅವನನ್ನು ಹೊಗಳಿದವು. ಆ ಕಾಲದ ಫಾರ್ವರ್ಡ್ ಎಂದರೆ ಅದೇ.

ಹೊಸ ತಳಿಗೆ ಹತ್ತು-ಹನ್ನೆರಡು ವರ್ಷ ಹಿಡಿಯುತ್ತಿತ್ತು. ನಾಲ್ಕೈದು ವರ್ಷದಲ್ಲಿ ಬೇಕು ಎಂದು 1931ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಲೈಸೆಂಕೊ ಅದಕ್ಕಿಂತಲೂ ಬೇಗ ಕೊಡುವೆನೆಂದ. ವಾವಿಲೋವ್ ಸುಳ್ಳು ಭರವಸೆ ಕೊಡಲಿಲ್ಲ. ಸ್ಟಾಲಿನ್‌ನ ಒಲವು ಲೈಸೆಂಕೊ ಕಡೆಗಿತ್ತು.

ಹಸಿವಿನಲ್ಲಿ ಮುಗಿದ ಜೀವ

1940ರ ಆಗಸ್ಟ್ 6ರಂದು, ಪಶ್ಚಿಮ ಉಕ್ರೇನ್‌ನಲ್ಲಿ ಗಿಡ ಸಂಗ್ರಹಿಸುತ್ತಿದ್ದಾಗಲೇ ವಾವಿಲೋವ್ ಅವರನ್ನು ಬಂಧಿಸಿದರು. ಗೂಢಚಾರಿಕೆ, ದೇಶದ ಕೃಷಿಗೆ ದ್ರೋಹ ಎಂಬ ಆರೋಪ ಹೊರಿಸಿ 1941ರಲ್ಲಿ ಮರಣದಂಡನೆ ವಿಧಿಸಿದರು. ಮರುವರ್ಷ ಅದು 20 ವರ್ಷದ ಸೆರೆಯಾಯಿತು. 1943ರ ಜನವರಿ 26ರಂದು ಸರಾಟೋವ್ ಜೈಲಿನಲ್ಲಿ ಅವರು ತೀರಿಕೊಂಡರು. ಹಸಿವು ಅವರ ದೇಹವನ್ನು ಸವೆಸಿತ್ತು. ಜಗತ್ತಿನ ಹಸಿವು ನೀಗಲು ಬೀಜ ಕೂಡಿಸಿದವರಿಗೆ ವಯಸ್ಸು ಆಗ 55.

ಅದೇ ಹೊತ್ತಿಗೆ ಲೆನಿನ್‌ಗ್ರಾಡನ್ನು ಜರ್ಮನ್ ಸೇನೆ ಮುತ್ತಿತ್ತು. ಸಂಸ್ಥೆಯ ಸಿಬ್ಬಂದಿ ಚೀಲಗಟ್ಟಲೆ ಧಾನ್ಯದ ಮಧ್ಯೆ ಕುಳಿತು ಹಸಿದರೂ ಬೀಜ ಮುಟ್ಟಲಿಲ್ಲ. ಶೇಂಗಾ ಬೀಜ ಕಾಯುತ್ತಿದ್ದ ಅಲೆಕ್ಸಾಂಡರ್ ಶುಕಿನ್, ಭತ್ತ ಕಾಯುತ್ತಿದ್ದ ಡಿಮಿಟ್ರಿ ಇವಾನೋವ್ ಹಾಗೇ ಸತ್ತರು. ವಾವಿಲೋವ್ ನಿರಪರಾಧಿ ಎಂದು ಸರ್ಕಾರ ಒಪ್ಪಿದ್ದು 1955ರಲ್ಲಿ. ಲೈಸೆಂಕೊನ ಹಿಡಿತ ಸಡಿಲವಾಗಲು 1960ರ ದಶಕದ ಮಧ್ಯದವರೆಗೆ ಕಾಯಬೇಕಾಯಿತು.

ಹಾಗಾದರೆ ಸತ್ಯ ಏನು?

ಬಿತ್ತುವ ಮುನ್ನ ಬೀಜ ನೆನೆಸುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಕೆಲವು ಬೆಳೆಗಳಲ್ಲಿ ಮೊಳಕೆ ಬೇಗ, ಒಂದೇ ಸಮ ಬರಲು ಅದು ನೆರವಾಗುತ್ತದೆ. ಆದರೆ ನೀರಾಗಲಿ ಫ್ರಿಜ್ಜಾಗಲಿ ತಳಿಯನ್ನು ಬದಲಿಸುವುದಿಲ್ಲ. ಚಳಿಯನ್ನೇ ಕೇಳದ ನಮ್ಮ ಗೋಧಿಗೆ ಫ್ರಿಜ್‌ನಿಂದ ಇಳುವರಿ ದುಪ್ಪಟ್ಟಾಗದು. ಹಿಮ ತಾಳುವ ತಳಿ ಗರಗದ ಎರೆಮಣ್ಣಿನಲ್ಲಿ ಬರೀ ಹುಲ್ಲಾದೀತು. ನಮ್ಮ ಜವೆಗೋಧಿ ಸೈಬೀರಿಯದ ಹಿಮದಲ್ಲಿ ಒಂದು ಚಳಿಗಾಲವೂ ಬದುಕದು. ಗಟ್ಟಿ ತಳಿ ಎಂದರೆ ಆ ಊರಿಗೆ ಗಟ್ಟಿ ಎಂದಷ್ಟೇ ಅರ್ಥ.

ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಗೋಧಿ ತಳಿಗಳನ್ನು ಇಂದಿಗೂ ಬೇರೆ ತಳಿಗಳ ಪಕ್ಕದಲ್ಲೇ ಬಿತ್ತಿ ಹೋಲಿಸುತ್ತಾರೆ. ಹೊಸ ಬೀಜದ ಸಂದೇಶ ಬಂದಾಗ ನೀವೂ ಎರಡು ಪ್ರಶ್ನೆ ಕೇಳಿ: ಇದನ್ನು ಯಾವ ಊರಿನಲ್ಲಿ ಬಿತ್ತಿ ನೋಡಿದ್ದಾರೆ? ಪಕ್ಕದಲ್ಲಿ ಏನು ಬಿತ್ತಿದ್ದರು? ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.