ಸ್ಮೆಟಾನಾ: ಕಿವುಡು ಕಿವಿಯೊಳಗಿನ ಮೊರೆತ

ಕಿವುಡನಾದ ಸಂಗೀತಗಾರನೆಂದರೆ ಜಗತ್ತಿಗೆ ಮೊದಲು ನೆನಪಾಗುವವನು ಬೀಥೋವನ್. ಆತನ ಶ್ರವಣಶಕ್ತಿ ಕುಂದಿದ್ದು ನಿಧಾನವಾಗಿ, ವರ್ಷಗಳ ಕಾಲ. ಆದರೆ ಚೆಕ್ ಸಂಗೀತದ ಪಿತಾಮಹನೆಂದು ಗೌರವಿಸಲಾಗುವ ಬೆಡ್ರಿಕ್ ಸ್ಮೆಟಾನಾನಿಗೆ ವಿಧಿ ಅಷ್ಟು ಕಾಲಾವಕಾಶವನ್ನೂ ಕೊಡಲಿಲ್ಲ. 1874ರ ಜುಲೈನಲ್ಲಿ ಕಾಣಿಸಿಕೊಂಡ ತೊಂದರೆ ಅದೇ ವರ್ಷದ ಅಕ್ಟೋಬರ್ ಮುಗಿಯುವ ಮೊದಲೇ ಆತನ ಎರಡೂ ಕಿವಿಗಳನ್ನು ಕಸಿದುಕೊಂಡಿತು. ಆಗ ಆತನಿಗೆ ಐವತ್ತು ವರ್ಷ.

ಬೊಹೀಮಿಯಾದ ಲಿಟೊಮಿಶ್ಲ್ ಎಂಬ ಊರಿನಲ್ಲಿ, ಬಿಯರ್ ತಯಾರಿಸುವ ಕುಟುಂಬದಲ್ಲಿ 1824ರ ಮಾರ್ಚ್ 2ರಂದು ಸ್ಮೆಟಾನಾ ಜನಿಸಿದ. ಆರನೆಯ ವಯಸ್ಸಿನಲ್ಲೇ ಸಭಿಕರೆದುರು ಪಿಯಾನೊ ನುಡಿಸಿದ ಬಾಲಕ ಆತ. ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ವಿದ್ಯಾವಂತರ ಭಾಷೆ ಜರ್ಮನ್. ಸ್ಮೆಟಾನಾ ಕಲಿತದ್ದೂ ಅದರಲ್ಲೇ. ತನ್ನ ಜನರ ಚೆಕ್ ಭಾಷೆಯನ್ನು ಸರಿಯಾಗಿ ಬರೆಯಲು ಆತ ಪ್ರಯತ್ನಪಟ್ಟು ಅಭ್ಯಾಸ ಮಾಡಿದ್ದು ಮೂವತ್ತು ದಾಟಿದ ಬಳಿಕ. ಅಂಥವನೇ ಮುಂದೆ ಚೆಕ್ ಅಪೆರಾಕ್ಕೆ ಅಡಿಪಾಯ ಹಾಕಿದ.

ವೈಯಕ್ತಿಕ ಬದುಕಿನಲ್ಲಿ ದುಃಖಕ್ಕೆ ಕೊನೆಯಿರಲಿಲ್ಲ. 1854ರಿಂದ 1856ರ ನಡುವೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. 1859ರಲ್ಲಿ ಪತ್ನಿ ಕಟೆರಿನಾ ಕ್ಷಯದಿಂದ ಅಸುನೀಗಿದಳು. ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಕೆಲವು ವರ್ಷ ದುಡಿದು ಪ್ರಾಗ್‌ಗೆ ಮರಳಿದ ಸ್ಮೆಟಾನಾ 1866ರಲ್ಲಿ ಅಲ್ಲಿನ ತಾತ್ಕಾಲಿಕ ರಂಗಮಂದಿರದ ಪ್ರಧಾನ ವಾದ್ಯವೃಂದ ನಿರ್ದೇಶಕನಾದ. ಇಂದಿಗೂ ವಿಶ್ವದ ರಂಗಮಂದಿರಗಳಲ್ಲಿ ನಗೆ ಉಕ್ಕಿಸುವ 'ದಿ ಬಾರ್ಟರ್ಡ್ ಬ್ರೈಡ್' ಅಪೆರಾ ಮೊದಲು ಪ್ರದರ್ಶನಗೊಂಡದ್ದು ಅದೇ ವರ್ಷದ ಮೇ 30ರಂದು.

ರೋಗ ಹೇಗೆ ಆರಂಭವಾಯಿತು ಎಂಬುದನ್ನು ಸ್ಮೆಟಾನಾ ಸ್ವತಃ ಬರೆದಿಟ್ಟಿದ್ದಾನೆ. ಇಂದಿನ ಕಿವಿ ತಜ್ಞರೂ ಆಸಕ್ತಿಯಿಂದ ಓದಬಹುದಾದಷ್ಟು ನಿಖರ ವಿವರಗಳು ಅವು. ಮೊದಲು ಗಂಟಲು ಹುಣ್ಣು. ಬಳಿಕ ಕಿವಿ ಕಟ್ಟಿದ ಅನುಭವ. ಒಂದು ದಿನ, ಒಂದೇ ಸ್ವರ ಎರಡು ಕಿವಿಗಳಿಗೆ ಎರಡು ಬೇರೆ ಶ್ರುತಿಗಳಲ್ಲಿ ಕೇಳಿಸುತ್ತಿರುವುದು ಆತನ ಗಮನಕ್ಕೆ ಬಂತು. ಸಾಮಾನ್ಯ ಮನುಷ್ಯನಿಗೆ ಇದು ಗೊತ್ತಾಗದೆಯೇ ಹೋಗಬಹುದು. ಶ್ರುತಿಯನ್ನೇ ನಂಬಿ ಬದುಕುವವನಿಗೆ ಕಾಲಡಿಯ ನೆಲವೇ ಸರಿದಂತೆ. ಜೊತೆಗೆ ಭಾರೀ ಜಲಪಾತದ ಪಕ್ಕ ನಿಂತಂತಹ ಭೋರ್ಗರೆತ. ನೆಟ್ಟಗೆ ನಡೆಯಲಾಗದಷ್ಟು ತಲೆಸುತ್ತು. ಶ್ರವಣ ಮತ್ತು ದೇಹದ ಸಮತೋಲ ಎರಡರ ಅಂಗಗಳೂ ಒಳಕಿವಿಯಲ್ಲಿ ಅಕ್ಕಪಕ್ಕದಲ್ಲೇ ಇರುವುದರಿಂದ ಈ ತೊಂದರೆಗಳು ಒಟ್ಟಿಗೆ ಬರುವುದುಂಟು. ಅಕ್ಟೋಬರ್‌ನಲ್ಲಿ ಒಂದು ಕಿವಿ ಹೋಯಿತು. 20ರ ವೇಳೆಗೆ ಇನ್ನೊಂದೂ.

ಪ್ರಾಗ್‌ನ ವೈದ್ಯರು ಶಬ್ದವೇ ಸೋಕದ ಕೋಣೆಯಲ್ಲಿ ಆತನನ್ನು ವಾರಗಟ್ಟಲೆ ಇರಿಸಿದರು. ಗೆಳೆಯರು, ಹಳೆಯ ಶಿಷ್ಯೆಯರು ಹಣ ಕೂಡಿಸಿದ್ದರಿಂದ 1875ರಲ್ಲಿ ವುರ್ಟ್ಸ್‌ಬರ್ಗ್ ಮತ್ತು ವಿಯೆನ್ನಾಗಳಿಗೆ ತೆರಳಿ, ಯೂರೋಪಿನ ಅಂದಿನ ಅಗ್ರಗಣ್ಯ ಕಿವಿ ತಜ್ಞರಾದ ಟ್ರೋಲ್ಟ್ಶ್ ಮತ್ತು ಪೊಲಿಟ್ಜರ್ ಅವರಿಗೂ ತೋರಿಸಿದ್ದಾಯಿತು. ಶ್ರವಣನರವೇ ಸೋತಿರುವಾಗ ಶಬ್ದವನ್ನು ಹಿಗ್ಗಿಸುವ ಕಹಳೆಗಳಿಂದಲೂ ಪ್ರಯೋಜನವಿರಲಿಲ್ಲ.

ಇಷ್ಟಾದ ಮೇಲೂ ಆತನಿಗೆ ನಿಶ್ಶಬ್ದವೊಂದೇ ಉಳಿದಿದ್ದರೆ ಹೇಗೋ ಸಹಿಸಬಹುದಿತ್ತೇನೋ. ಹೊರಗಿನ ಶಬ್ದ ನಿಂತರೂ ಒಳಗಿನ ಮೊರೆತ ನಿಲ್ಲಲಿಲ್ಲ. ಟಿನ್ನಿಟಸ್ ಎಂದು ವೈದ್ಯರು ಕರೆಯುವುದು ಇದನ್ನೇ. ಕಿವಿಯಿಂದ ಬರಬೇಕಾದ ಸಂಕೇತಗಳು ಕ್ಷೀಣಿಸಿದಾಗ ಮಿದುಳು ತನ್ನ ಸಂವೇದನೆಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ಆಗ ಇಲ್ಲದ ಶಬ್ದ ಕೇಳತೊಡಗುತ್ತದೆ ಎಂಬುದು ಇಂದಿನ ಪ್ರಮುಖ ವಿವರಣೆ. ಸ್ಮೆಟಾನಾನಿಗೆ ಮಾತ್ರ ಅದು ಹುಚ್ಚಿನ ಮುನ್ಸೂಚನೆಯಂತೆ ಕಂಡಿತು. ಹೆಚ್ಚು ಹೊತ್ತು ಬರೆದರೆ ಸದ್ದು ಜೋರಾಗುತ್ತಿದ್ದುದರಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬರೆಯಬೇಕಾಯಿತು.

ಅಚ್ಚರಿಯೆಂದರೆ, ಆತನ ಅತ್ಯಂತ ಜನಪ್ರಿಯ ಕೃತಿ ಹುಟ್ಟಿದ್ದು ಈ ಆಘಾತದ ಬೆನ್ನಲ್ಲೇ. ಪೂರ್ಣ ಕಿವುಡನಾಗಿ ಒಂದು ತಿಂಗಳಾಗುವಷ್ಟರಲ್ಲಿ, ನವೆಂಬರ್ 20ರಂದು 'ವ್ಲತಾವಾ' ಆರಂಭಿಸಿ ಡಿಸೆಂಬರ್ 8ಕ್ಕೆ ಮುಗಿಸಿದ. ಎರಡು ಚಿಕ್ಕ ತೊರೆಗಳು ಕೂಡಿ ನದಿಯಾಗಿ, ಕಾಡು, ಮದುವೆಯ ಕುಣಿತ, ಬೆಳದಿಂಗಳು, ಸುಳಿಗಳನ್ನು ಹಾದು ಪ್ರಾಗ್ ತಲುಪುವ ಈ ವಾದ್ಯವೃಂದ ಕೃತಿಯನ್ನು 1875ರ ಏಪ್ರಿಲ್ 4ರಂದು ಪ್ರಾಗ್‌ನಲ್ಲಿ ಮೊದಲ ಬಾರಿಗೆ ನುಡಿಸಲಾಯಿತು. ಜನ ಕೇಳಿದರು, ಬರೆದವನಿಗೆ ಕೇಳಿಸಲಿಲ್ಲ. 'ನನ್ನ ನಾಡು' ಎಂಬ ಅರ್ಥದ 'ಮಾ ವ್ಲಾಸ್ತ್' ಮಾಲಿಕೆಯ ಆರು ಕೃತಿಗಳಲ್ಲಿ ಇದು ಎರಡನೆಯದು.

ಹುದ್ದೆ ಬಿಟ್ಟ ಸ್ಮೆಟಾನಾನಿಗೆ ರಂಗಮಂದಿರದವರು ವರ್ಷಕ್ಕೆ 1,200 ಗುಲ್ಡನ್ ಕೊಡಲು ಒಪ್ಪಿದ್ದರು. ಅದಕ್ಕೆ ಪ್ರತಿಯಾಗಿ ಆತನ ಅಪೆರಾಗಳನ್ನು ಬಿಟ್ಟಿಯಾಗಿ ಆಡುವ ಹಕ್ಕನ್ನು ಪಡೆದರು. ಆ ಹಣವೂ ಹೊತ್ತಿಗೆ ಸರಿಯಾಗಿ ಕೈಸೇರಲಿಲ್ಲ. ನಾಡಿನ ಹೆಮ್ಮೆಯೆಂದು ಕೊಂಡಾಡಲ್ಪಟ್ಟವನು ಪ್ರಾಗ್ ಬಿಟ್ಟು, ಅರಣ್ಯಾಧಿಕಾರಿಯೊಬ್ಬನನ್ನು ಮದುವೆಯಾಗಿದ್ದ ಮಗಳು ಜೋಫಿಯೆಯ ಮನೆಗೆ, ಯಾಬ್ಕೆನಿಟ್ಸೆ ಎಂಬ ಹಳ್ಳಿಗೆ ಹೋಗಿ ಆಶ್ರಯ ಪಡೆಯಬೇಕಾಯಿತು.

ಅಲ್ಲಿ 1876ರ ಡಿಸೆಂಬರ್‌ನಲ್ಲಿ ಮುಗಿಸಿದ 'ನನ್ನ ಬದುಕಿನಿಂದ' ಎಂಬ ತಂತಿವಾದ್ಯ ಚತುಷ್ಕದಲ್ಲಿ ಆತ ತನ್ನ ಕಾಯಿಲೆಯನ್ನೇ ಸ್ವರಕ್ಕಿಳಿಸಿದ. ಕೊನೆಯ ಭಾಗ ಹಬ್ಬದ ಲವಲವಿಕೆಯಲ್ಲಿ ಸಾಗುತ್ತಿರುವಾಗ ಸಂಗೀತ ಥಟ್ಟನೆ ನಿಲ್ಲುತ್ತದೆ. ಕೆಳಗೆ ಮೂರು ವಾದ್ಯಗಳ ನಡುಕ. ಮೇಲೆ ಮೊದಲ ಪಿಟೀಲಿನಲ್ಲಿ ಎಳೆದು ಹಿಡಿದ ಒಂದು ತಾರಸ್ವರ. ಕಿವುಡುತನಕ್ಕೆ ಮುನ್ನ ಕಿವಿಯಲ್ಲಿ ಕೇಳಿಬಂದ ಸಿಳ್ಳೆಯ ಸಂಕೇತ ಅದು. ನಿಜದಲ್ಲಿ ಆತನಿಗೆ ಕೇಳಿಸುತ್ತಿದ್ದುದು ಒಂಟಿ ಸ್ವರವಲ್ಲ, ಎತ್ತರದ ಕೊಳಲಿನ ಸ್ವರಗುಚ್ಛ. ಅದೂ ಸಂಜೆಯ ಹೊತ್ತಿನಲ್ಲಿ. ಪ್ರಾಗ್‌ನ ಸಂಗೀತ ಸಂಘವೊಂದು ಈ ಕೃತಿ ನುಡಿಸಲು ತೀರ ಕಷ್ಟವೆಂದು ಬದಿಗಿಟ್ಟಿತು. 1878ರಲ್ಲಿ ಗೆಳೆಯರ ಕೂಟದಲ್ಲಿ ಅದನ್ನು ನುಡಿಸಿದಾಗ ವಯೋಲಾ ಹಿಡಿದಿದ್ದವನು ಆಂಟೋನಿನ್ ಡ್ವೊರಾಕ್.

ಮುಂದೆಯೂ ಸ್ಮೆಟಾನಾ ಬರವಣಿಗೆ ಬಿಡಲಿಲ್ಲ. ಕಿವುಡನಾದ ಮೇಲೆ ಮೂರು ಅಪೆರಾಗಳನ್ನು ಪೂರೈಸಿದ. 1882ರ ನವೆಂಬರ್ 5ರಂದು 'ಮಾ ವ್ಲಾಸ್ತ್' ಮೊದಲ ಬಾರಿಗೆ ಇಡಿಯಾಗಿ ಪ್ರಸ್ತುತಗೊಂಡಿತು. ಅಷ್ಟರಲ್ಲಿ ಮಾತು ತೊದಲತೊಡಗಿತ್ತು, ನೆನಪು ಕೈಕೊಡುತ್ತಿತ್ತು. 1884ರ ಏಪ್ರಿಲ್‌ನಲ್ಲಿ ಮನೆಯವರು ಅನಿವಾರ್ಯವಾಗಿ ಆತನನ್ನು ಪ್ರಾಗ್‌ನ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಮೇ 12ರಂದು ಅಲ್ಲೇ ಕೊನೆಯುಸಿರೆಳೆದ. ಕಾರಣ ಸಿಫಿಲಿಸ್ ಎಂದು ಬಹುಮಂದಿ ವೈದ್ಯರು ನಂಬಿದ್ದಾರೆ. ಬಾಲ್ಯದಲ್ಲಿ ಕೋವಿಮದ್ದು ಸಿಡಿದು ಮುಖಕ್ಕಾದ ಗಾಯದ ಸೋಂಕು ಮೂಳೆಯಲ್ಲಿ ಉಳಿದದ್ದೇ ಮೂಲವೆಂಬ ವಾದವೂ ಇದೆ.

ವ್ಲತಾವಾ ನದಿಯ ದಂಡೆಯ ಮೇಲಿನ ವಿಶೆಹ್ರಾದ್ ಗುಡ್ಡದಲ್ಲಿ ಆತನ ಸಮಾಧಿಯಿದೆ. 1946ರಲ್ಲಿ ಆರಂಭವಾದ 'ಪ್ರಾಗ್ ವಸಂತ' ಸಂಗೀತೋತ್ಸವ ಆತನ ಪುಣ್ಯತಿಥಿಯಂದು, ವಾಡಿಕೆಯಂತೆ 'ಮಾ ವ್ಲಾಸ್ತ್'ನೊಂದಿಗೆ ತೆರೆದುಕೊಳ್ಳುತ್ತದೆ.