ರಾಗ ಎಲ್ಲರ ಬಾಯಲ್ಲಿ, ಹೆಸರು ಯಾರಿಗೂ ಬೇಡ!

ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗುವ ಬಸ್ಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಮಾಲ್ಗುಡಿ ಡೇಸ್ ತೆಗೆದವರು ಯಾರು ಅಂದರೆ ಶಂಕರ್ ನಾಗ್ ಅಂತ ಕಂಡಕ್ಟರೇ ಹೇಳಿಬಿಡುತ್ತಾನೆ. ಸ್ವಾಮಿಯಾದ ಹುಡುಗ ಮಾಸ್ಟರ್ ಮಂಜುನಾಥ್, ಅಪ್ಪನಾದವರು ಗಿರೀಶ್ ಕಾರ್ನಾಡ್, ಮನೆ ಆಗುಂಬೆಯ ದೊಡ್ಡಮನೆ. ಎಲ್ಲಾ ಬಾಯಿಪಾಠ. ಆದರೆ ಶುರುವಿನಲ್ಲಿ ಬರುತ್ತಿತ್ತಲ್ಲ, ಪದವೇ ಇಲ್ಲದ ಆ ಗುನುಗು, ಅದನ್ನು ಕಟ್ಟಿದವರು ಯಾರು ಅಂತ ಕೇಳಿ. ಬಸ್ಸಿಗೆ ಬಸ್ಸೇ ಗಪ್‌ಚಿಪ್.

ಅವರ ಹೆಸರು ಎಲ್. ವೈದ್ಯನಾಥನ್. ಹುಟ್ಟಿದ್ದು 1942ರ ಏಪ್ರಿಲ್ 9ರಂದು, ಮದರಾಸಿನಲ್ಲಿ. ತಂದೆ ವಿ. ಲಕ್ಷ್ಮೀನಾರಾಯಣ ಅಯ್ಯರ್ ದೊಡ್ಡ ಪಿಟೀಲು ವಿದ್ವಾಂಸರು. ತಾಯಿ ಸೀತಾಲಕ್ಷ್ಮಿಯವರಿಗೂ ಸಂಗೀತ ಬರುತ್ತಿತ್ತು. ತಂದೆಯ ಕೆಲಸದ ದೆಸೆಯಿಂದ ಸಂಸಾರ ಸಿಂಹಳದ ಜಾಫ್ನಾದಲ್ಲಿತ್ತು. 1958ರಲ್ಲಿ ಅಲ್ಲಿ ತಮಿಳರ ಮೇಲೆ ಗಲಭೆ ಎದ್ದಾಗ ಮತ್ತೆ ಮದರಾಸಿಗೇ ಬಂದು ಬೀಳಬೇಕಾಯ್ತು. ಆಗ ಈ ಹುಡುಗನಿಗೆ ಹದಿನಾರು. ಊರು ಹೋಯ್ತು, ಪಿಟೀಲು ಉಳಿಯಿತು.

ಮೂವರು ಅಣ್ಣತಮ್ಮಂದಿರಿಗೂ ತಂದೆಯೇ ಗುರು. ಮೂವರೂ ಒಂದೇ ವೇದಿಕೆಯ ಮೇಲೆ ಕೂತು ಪಿಟೀಲು ನುಡಿಸಿದ್ದುಂಟು. ಮುಂದೆ ತಮ್ಮ ಎಲ್. ಸುಬ್ರಹ್ಮಣ್ಯಂ ಪ್ರಪಂಚ ಸುತ್ತಿದರು. ಇನ್ನೊಬ್ಬ ತಮ್ಮ ಎಲ್. ಶಂಕರ್ ಫಾರಿನ್ನಿನವರ ಜೊತೆ ಶಕ್ತಿ ಅನ್ನೋ ತಂಡ ಕಟ್ಟಿ ಹೆಸರಾದರು. ಹಿರಿಯಣ್ಣ ಮಾತ್ರ ಸಿನಿಮಾ ರೆಕಾರ್ಡಿಂಗ್ ಥಿಯೇಟರಿನ ಒಳಗೆ ಉಳಿದುಬಿಟ್ಟರು. ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ಅಸಿಸ್ಟೆಂಟಾಗಿ ಪಳಗಿದರು. ಅಸಿಸ್ಟೆಂಟ್ ಅಂದರೆ ಗೊತ್ತಲ್ಲ, ಕೆಲಸ ರಾಶಿ, ಹೆಸರು ಚಿಟಿಕೆ.

ಕನ್ನಡಕ್ಕೆ ಅವರು ಕೊಟ್ಟದ್ದು ಕಮ್ಮಿಯೇನಲ್ಲ. 1978ರ ಅಪರಿಚಿತದಲ್ಲಿ ವಾಣಿ ಜಯರಾಂ ಹಾಡಿದ ಹಾಡನ್ನು ಇವತ್ತೂ ರೇಡಿಯೋದಲ್ಲಿ ಕೇಳಿ ನಿಟ್ಟುಸಿರು ಬಿಡುವವರಿದ್ದಾರೆ. ಅನುಭವ ಅವರದ್ದೇ. ಶಂಕರ್ ನಾಗ್ ಡಾ. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 1987ರಲ್ಲಿ ತೆಗೆದ ಒಂದು ಮುತ್ತಿನ ಕಥೆಗೂ ಅವರದ್ದೇ ಸಂಗೀತ. ಅದೇ ವರ್ಷ ಪುಷ್ಪಕ ವಿಮಾನ ಬಂತು. ಕಮಲಹಾಸನ್ ಇದ್ದೂ ಒಂದು ಡೈಲಾಗ್ ಇಲ್ಲದ ಸಿನಿಮಾ. ಪಾತ್ರಗಳು ಬಾಯಿ ಮುಚ್ಚಿಕೊಂಡರೆ ಮಾತಾಡುವ ಕೆಲಸ ಯಾರ ಪಾಲಿಗೆ ಬರುತ್ತೆ ಹೇಳಿ? ಸಂಗೀತದವನ ಪಾಲಿಗೇ.

ಮಾತಿಲ್ಲದೆ ಮಾತಾಡಿಸೋ ಈ ವಿದ್ಯೆಯನ್ನು ಅವರು ಮೊದಲೇ ಮಾಲ್ಗುಡಿಯಲ್ಲಿ ತೋರಿಸಿದ್ದರು. 1986ರಲ್ಲಿ ದೂರದರ್ಶನದಲ್ಲಿ ಶುರುವಾದ ಸೀರಿಯಲ್ಲು ಅದು. ಅದರ ಫಜೀತಿ ನೋಡಿ. ಆರ್.ಕೆ. ನಾರಾಯಣ್ ಕಥೆ ಬರೆದದ್ದು ಇಂಗ್ಲಿಷಿನಲ್ಲಿ. ಟೀವಿಯಲ್ಲಿ ಪಾತ್ರಗಳು ಆಡಿದ್ದು ಹಿಂದಿ. ಊರು ನಮ್ಮ ಮಲೆನಾಡು, ನಟರು ಬಹುಪಾಲು ಕನ್ನಡದವರು, ಸಂಗೀತದವರು ತಮಿಳರು. ಇಷ್ಟು ಭಾಷೆಯ ಸಂತೆಯಲ್ಲಿ ಟೈಟಲ್ ಹಾಡನ್ನು ಯಾವ ಭಾಷೆಯಲ್ಲಿ ಬರೆಸಿದರೂ ಒಬ್ಬರಿಗೆ ಹಿತ, ಒಬ್ಬರಿಗೆ ಪರಕೀಯ. ವೈದ್ಯನಾಥನ್ ಪದವನ್ನೇ ಕೈಬಿಟ್ಟರು. ಬರೀ ಗುನುಗು. ದನ ಹೊಡೆದುಕೊಂಡು ಮನೆಗೆ ಬರುವವನು ದಾರಿಯಲ್ಲಿ ತನ್ನಷ್ಟಕ್ಕೆ ಗುನುಗುವ ಹಾಗೆ. ಅದರ ಜೊತೆ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು.

ಆ ಕಾಲಕ್ಕೆ ಬೀದಿಗೊಂದು ಟೀವಿ ಇದ್ದರೆ ಹೆಚ್ಚು. ಈ ರಾಗ ಕಿವಿಗೆ ಬಿತ್ತೋ, ಒಲೆ ಮುಂದಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಓಡಿ ಬರೋರು, ಅಂಗಡಿಯವರು ಗಿರಾಕಿಗೆ ಚಿಲ್ಲರೆ ಕೊಟ್ಟು ಬಾಗಿಲು ಎಳೆಯೋರು. ಕರ್ನಾಟಕ ಸಂಗೀತದಲ್ಲಿ ಅಷ್ಟು ಪಳಗಿದ ಕೈ ತನ್ನ ಪಾಂಡಿತ್ಯವನ್ನೆಲ್ಲ ಗಂಟುಕಟ್ಟಿ ಇಟ್ಟು, ಮೂರು ವರ್ಷದ ಮಗುವೂ ಹಾಡಬಹುದಾದ ರಾಗ ಕಟ್ಟಿತಲ್ಲ, ನನ್ನ ಲೆಕ್ಕದಲ್ಲಿ ಅದು ಕಛೇರಿಯಲ್ಲಿ ಗಂಟೆಗಟ್ಟಲೆ ನುಡಿಸುವುದಕ್ಕಿಂತ ಕಷ್ಟ. ಆಮೇಲೆ ಮೊಬೈಲ್ ಬಂತು, ಅದೇ ರಾಗ ರಿಂಗ್‌ಟೋನ್ ಆಯ್ತು. ಸೀರಿಯಲ್ ಬಂದಾಗ ಹುಟ್ಟಿಯೇ ಇರದ ಹುಡುಗರ ಜೇಬಿನಲ್ಲೂ ಮೊಳಗಿತು.

ಅತ್ತ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಬಲಿಯಾದರು. ರಾಜ್ಯವೇ ಅತ್ತಿತು, ಈಗಲೂ ಆಟೋಗಳ ಹಿಂದೆ ಅವರ ಫೋಟೋ ಉಂಟು. ಅದು ಸಲ್ಲಬೇಕಾದ ಗೌರವವೇ. ವೈದ್ಯನಾಥನ್ ತೀರಿಕೊಂಡದ್ದು 2007ರ ಮೇ 19ರಂದು, 65ನೇ ವಯಸ್ಸಿನಲ್ಲಿ, ಚೆನ್ನೈನಲ್ಲಿ. ನಮ್ಮ ಜಿಲ್ಲೆಯಲ್ಲಿ ಆವತ್ತು ಎಷ್ಟು ಅಂಗಡಿಗಳಲ್ಲಿ ಈ ಸುದ್ದಿ ಮಾತಿಗೆ ಬಂದಿತ್ತು?

ಈಗ ಒಂದು ಕೆಲಸದ ಮಾತು. ಸೀರಿಯಲ್ಲಿನ ರೈಲು ನಿಂತದ್ದು ನಮ್ಮ ಹೊಸನಗರ ತಾಲ್ಲೂಕಿನ ಅರಸಾಳು ಸ್ಟೇಷನ್ನಿನಲ್ಲಿ. ಅಲ್ಲಿನ ಹಳೇ ಕಟ್ಟಡ ರಿಪೇರಿಯಾಗಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ರೈಲ್ವೆಯವರು ಒಳ್ಳೇ ಕೆಲಸ ಮಾಡಿದ್ದಾರೆ, ಇಲ್ಲ ಅನ್ನೋಲ್ಲ. ಅಲ್ಲಿ ಎಲ್. ವೈದ್ಯನಾಥನ್ ಅನ್ನೋ ಹೆಸರು ಬಾಗಿಲಲ್ಲೇ ಕಣ್ಣಿಗೆ ಹೊಡೆಯುವಷ್ಟು ದಪ್ಪ ಅಕ್ಷರದಲ್ಲಿ ಇರಬೇಕು. ತಾಳಗುಪ್ಪ ರೈಲಿಗೆ ಹೋಗೋರು ಒಮ್ಮೆ ಇಳಿದು ನೋಡಿ, ಕಾಣದಿದ್ದರೆ ಸ್ಟೇಷನ್ನಿನವರನ್ನು ಕೇಳಿ.